ಕಾರಿನ ವಿದ್ಯುನ್ಮಾನ ಥ್ರಾಟಲ್: ಕಾರ್ಯವಿಧಾನ ಮತ್ತು ಎಚ್ಚರಿಕೆ



ಪೆಟ್ರೋಲ್ ಎಂಜಿನ್ನಿನ ಶಕ್ತಿಯು ಮುಖ್ಯವಾಗಿ ಅದರೊಳಗೆ ಸೇರುವ ಗಾಳಿಯ ಪ್ರಮಾಣವನ್ನು ಅವಲಂಬಿಸಿದೆ. ಆ ಗಾಳಿಯ ಹಾದಿಯಲ್ಲಿ ತಿರುಗುವ ಬಿಲ್ಲೆಯೇ ಥ್ರಾಟಲ್. ಹಿಂದೆ ಆಕ್ಸಿಲರೇಟರ್ ಪೆಡಲನ್ನು ಒತ್ತಿದಾಗ ಉಕ್ಕಿನ ತಂತಿಯೊಂದು ಬಿಲ್ಲೆಯನ್ನು ನೇರವಾಗಿ ಎಳೆದು ತೆರೆಯುತ್ತಿತ್ತು. ಇಂದಿನ ಹೊಸ ಕಾರುಗಳಲ್ಲಿ ಸಾಮಾನ್ಯವಾಗಿ ಆ ತಂತಿಯಿಲ್ಲ.

ಪೆಡಲಿನಲ್ಲಿರುವ ಸಂವೇದಕಗಳು ಅದನ್ನು ಎಷ್ಟು ಒತ್ತಲಾಗಿದೆ ಎಂಬುದನ್ನು ವಿದ್ಯುತ್ ಸಂಕೇತಗಳ ಮೂಲಕ ಎಂಜಿನ್ ನಿಯಂತ್ರಣ ಘಟಕಕ್ಕೆ ತಿಳಿಸುತ್ತವೆ. ಘಟಕವು ಎಂಜಿನ್ನಿನ ವೇಗ, ಉಷ್ಣತೆ ಮೊದಲಾದವುಗಳನ್ನು ಪರಿಗಣಿಸಿ, ಚಿಕ್ಕ ಮೋಟಾರಿನಿಂದ ಬಿಲ್ಲೆಯನ್ನು ಬೇಕಾದಷ್ಟೇ ತಿರುಗಿಸುತ್ತದೆ.

ಇದನ್ನು ನಂಬುವುದು ಹೇಗೆ ಎಂಬ ಪ್ರಶ್ನೆ ಸಹಜವಾದುದು. ಪೆಡಲಿಗೂ ಬಿಲ್ಲೆಗೂ ಎರಡೆರಡು ಸಂವೇದಕಗಳಿರುತ್ತವೆ. ಅವುಗಳ ಮಾಹಿತಿ ತಾಳೆಯಾಗದಿದ್ದರೆ ಘಟಕವು ಎಚ್ಚರಿಕೆಯ ದೀಪವನ್ನು ಬೆಳಗಿಸಿ, ಎಂಜಿನ್ನಿನ ಶಕ್ತಿಯನ್ನು ಮಿತಗೊಳಿಸುತ್ತದೆ. ಮೋಟಾರಿಗೆ ವಿದ್ಯುತ್ ನಿಂತರೆ ಸ್ಪ್ರಿಂಗು ಬಿಲ್ಲೆಯನ್ನು ಬಹುಮಟ್ಟಿಗೆ ಮುಚ್ಚುತ್ತದೆ.

2009-10ರಲ್ಲಿ ಅಮೆರಿಕದಲ್ಲಿ ಟೊಯೊಟಾ ಕಾರುಗಳು ತಾವಾಗಿಯೇ ವೇಗ ಪಡೆಯುತ್ತವೆಂಬ ದೂರುಗಳು ಹೆಚ್ಚಿದವು. ಅಲ್ಲಿನ ಸರ್ಕಾರದ ಕೋರಿಕೆಯಂತೆ ನಾಸಾ ತಜ್ಞರು ನಡೆಸಿದ ಪರಿಶೀಲನೆಯ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ವಿದ್ಯುನ್ಮಾನ ದೋಷವೇ ಕಾರಣವೆಂಬುದಕ್ಕೆ ಅದರಲ್ಲಿ ಸಾಕ್ಷ್ಯ ದೊರೆಯಲಿಲ್ಲ. ಪೆಡಲ್ ನೆಲಹಾಸಿಗೆ ಸಿಕ್ಕಿಕೊಳ್ಳುವುದು ಮತ್ತು ಪೆಡಲೇ ಬಿಗಿದುಕೊಳ್ಳುವುದು, ಈ ಎರಡು ಯಾಂತ್ರಿಕ ಕಾರಣಗಳನ್ನು ಸರ್ಕಾರವು ಗುರುತಿಸಿತು.

ಆದುದರಿಂದ ನೆಲಹಾಸನ್ನು ಕೊಕ್ಕೆಗೆ ಸಿಕ್ಕಿಸಿ ಭದ್ರಪಡಿಸಬೇಕು. ಒಂದರ ಮೇಲೊಂದು ಹಾಸಬಾರದು. ಎಚ್ಚರಿಕೆಯ ದೀಪವನ್ನು ಉಪೇಕ್ಷಿಸಬಾರದು. ಪೆಡಲಿನಿಂದ ಕಾಲು ತೆಗೆದರೂ ವೇಗ ತಗ್ಗದಿದ್ದರೆ ಬ್ರೇಕನ್ನು ಬಲವಾಗಿ, ಬಿಡದೆ ಒತ್ತಿ, ಗೇರನ್ನು ನ್ಯೂಟ್ರಲಿಗೆ ತಂದು, ವಾಹನವನ್ನು ರಸ್ತೆಯ ಬದಿಗೆ ನಿಲ್ಲಿಸಬೇಕು. ಯಂತ್ರವು ತನ್ನ ಸಂಕೇತಗಳನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಪೆಡಲಿನ ಕೆಳಗಿನ ಹಾಸನ್ನು ಪರೀಕ್ಷಿಸಬೇಕಾದವರು ನಾವೇ.