ಅಳಿಸಲಾಗದ ಆ್ಯಪ್‌ಗಳನ್ನು ಸುಮ್ಮನಾಗಿಸುವ ಬಗೆ

ಕಾಸರಗೋಡಿನ ಹೊಸಂಗಡಿ ಆಸುಪಾಸಿನ ಸರಕಾರಿ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದು ಕೇರಳದ ಕೈಟ್ ಸಂಸ್ಥೆ ರೂಪಿಸಿಕೊಟ್ಟ ಗ್ನೂ ಲಿನಕ್ಸ್‌ನಲ್ಲಿ. ಅವರಲ್ಲೊಬ್ಬರು ಮುಂದೆ ಮೊಬೈಲ್ ಆ್ಯಪ್ ತಯಾರಿಸಲು ಹೊರಟರೆ ಬೇಕಾಗುವುದು ಆಂಡ್ರಾಯ್ಡ್ ಎಮ್ಯುಲೇಟರ್, ಅಂದರೆ ಕಂಪ್ಯೂಟರಿನೊಳಗೇ ಓಡುವ ಒಂದು ಫೋನು.

ಈ ಫೋನಿನೊಳಗೂ ಯೂಟ್ಯೂಬ್, ಕ್ರೋಮ್, ಮ್ಯಾಪ್ಸ್ ಕೇಳದೆಯೇ ಬಂದು ಕೂತಿರುತ್ತವೆ. ಕೆಲವು ಹಿನ್ನೆಲೆಯಲ್ಲಿ ಕೆಲಸ ಮಾಡುತ್ತ ಮೆಮೊರಿ ತಿನ್ನುತ್ತವೆ. 8 ಜಿಬಿಯ ಹಳೆಯ ಲ್ಯಾಪ್‌ಟಾಪಿಗೆ ಅದು ಸಣ್ಣ ಹೊರೆಯಲ್ಲ. ಅಳಿಸೋಣವೆಂದರೆ, ಅವು ಇರುವ ಸಿಸ್ಟಮ್ ವಿಭಾಗಕ್ಕೆ ಓದಲು ಮಾತ್ರ ಅನುಮತಿ.

ಉಪಾಯವಿರುವುದು ಎಡಿಬಿ ಎಂಬ ಪುಟ್ಟ ತಂತ್ರಾಂಶದಲ್ಲಿ. ಎಮ್ಯುಲೇಟರ್ ಚಾಲೂ ಮಾಡಿ, ಟರ್ಮಿನಲ್‌ನಲ್ಲಿ 'ಎಡಿಬಿ ಡಿವೈಸಸ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಸಾಮಾನ್ಯವಾಗಿ 'ಎಮ್ಯುಲೇಟರ್-5554' ಎಂಬ ಹೆಸರು ಕಾಣಿಸುತ್ತದೆ. 'ಎಡಿಬಿ ಶೆಲ್' ಎಂದು ಒಳಹೊಕ್ಕು ಕೊಡುವ 'ಪಿಎಂ ಲಿಸ್ಟ್ ಪ್ಯಾಕೇಜಸ್' ಆದೇಶ ಒಳಗಿರುವ ಎಲ್ಲ ಆ್ಯಪ್‌ಗಳ ನಿಜನಾಮ ಕೊಡುತ್ತದೆ. ಯೂಟ್ಯೂಬಿನದು 'ಕಾಮ್ ಡಾಟ್ ಗೂಗಲ್ ಡಾಟ್ ಆಂಡ್ರಾಯ್ಡ್ ಡಾಟ್ ಯೂಟ್ಯೂಬ್'. ಆ ಹೆಸರಿಗೆ ಮೊದಲು 'ಪಿಎಂ ಡಿಸೇಬಲ್-ಯೂಸರ್' ಸೇರಿಸಿದರೆ ಆ್ಯಪ್ ಪರದೆಯಿಂದ ಮಾಯವಾಗುತ್ತದೆ, ಹಿನ್ನೆಲೆಯಲ್ಲೂ ಓಡುವುದಿಲ್ಲ. ಕಡತ ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ಡಿಸ್ಕಿನಲ್ಲಿ ಜಾಗ ಉಳಿಯದು, ಉಳಿಯುವುದು ಮೆಮೊರಿ. 'ಪಿಎಂ ಎನೇಬಲ್' ಎಂದರೆ ಮತ್ತೆ ಹಾಜರು.

ಯಾವುದನ್ನು ಮುಟ್ಟಬಾರದು ಎಂಬುದೇ ಇಲ್ಲಿ ಹೆಚ್ಚು ಮುಖ್ಯ. ಪ್ಲೇ ಸರ್ವಿಸಸ್ ನಿಲ್ಲಿಸಿದರೆ ಗೂಗಲ್ ಲಾಗಿನ್, ನಕ್ಷೆ ಬಳಸುವ ಆ್ಯಪ್‌ಗಳ ಪರೀಕ್ಷೆ ಕೆಡುತ್ತದೆ. ಕನ್ನಡದ ಆ್ಯಪ್ ಮಾಡುವವರು ಜಿಬೋರ್ಡ್ ಕೀಲಿಮಣೆಯನ್ನು ಉಳಿಸಿಕೊಳ್ಳಲೇಬೇಕು. ಲ್ಯಾಪ್‌ಟಾಪಿನ ಕೀಲಿಗಳಿಂದ ಇಂಗ್ಲಿಷ್ ಅಕ್ಷರ ಹೇಗೋ ಮೂಡೀತು. ಒತ್ತಕ್ಷರ, ದೀರ್ಘಗಳು ಫೋನಿನ ಪರದೆಯಲ್ಲಿ ಸರಿಯಾಗಿ ಕೂರುತ್ತವೆಯೇ ಎಂದು ಬಳಕೆದಾರರಂತೆಯೇ ಟೈಪ್ ಮಾಡಿ ನೋಡಲು ಆ ಕೀಲಿಮಣೆ ಬೇಕು. ತಪ್ಪಿ ಏನನ್ನೋ ನಿಲ್ಲಿಸಿ ಕಂಗೆಟ್ಟರೆ, ಎಮ್ಯುಲೇಟರಿನ 'ವೈಪ್ ಡೇಟಾ' ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುತ್ತದೆ. ಕಲಿಯುವವರಿಗೆ ಇದಕ್ಕಿಂತ ಧೈರ್ಯ ಬೇರೆ ಬೇಕಿಲ್ಲ.

ನಿಜವಾದ ಫೋನುಗಳ ವಿಷಯದಲ್ಲಿ ಆ್ಯಪ್ ಅಳಿಸಲಾಗದ ಈ ಸಮಸ್ಯೆ ನ್ಯಾಯಪೀಠದವರೆಗೂ ಹೋಗಿದೆ. 2022ರ ಅಕ್ಟೋಬರಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿ, ಮೊದಲೇ ತುಂಬಿಸಿಟ್ಟ ತನ್ನ ಆ್ಯಪ್‌ಗಳನ್ನು ಗ್ರಾಹಕರು ಅಳಿಸುವುದಕ್ಕೆ ಅಡ್ಡಿ ಮಾಡಬಾರದೆಂದಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿದರೂ ಅಳಿಸುವ ಹಕ್ಕಿನ ಆ ನಿರ್ದೇಶನವನ್ನು ತೆಗೆದುಹಾಕಿತು. ಹಣ ಕೊಟ್ಟು ಕೊಂಡ ಫೋನಿನಲ್ಲಿ ಏನಿರಬೇಕೆಂದು ಕೊಂಡವರೇ ನಿರ್ಧರಿಸುವುದು ನ್ಯಾಯ. ಆ ಹಕ್ಕು ಸಿಗುವವರೆಗೆ, ಯುಎಸ್‌ಬಿ ಡಿಬಗಿಂಗ್ ಚಾಲೂ ಮಾಡಿದ ಫೋನಿನಲ್ಲೂ ಬಹುಪಾಲು ಆ್ಯಪ್‌ಗಳ ಮೇಲೆ 'ಪಿಎಂ ಡಿಸೇಬಲ್-ಯೂಸರ್' ಆದೇಶವೇ ನಡೆಯುತ್ತದೆ.