ದುಡಿಯುವವರ ಇಂಗ್ಲಿಷ್



ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ನಿಂತು ಕಿವಿಗೊಟ್ಟರೆ ಲಾಟು, ರೇಟು, ರೀಲರ್ ಎಂಬ ಮಾತುಗಳು ಕೇಳುತ್ತವೆ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡನ್ನು ಲೇತಿಗೆ ಕೊಟ್ಟು ಅರಗಿನ ಬಣ್ಣ ಹಚ್ಚುವವರು ಸೈಜು, ಆರ್ಡರು, ಪ್ಯಾಕಿಂಗು ಎನ್ನುತ್ತಾರೆ. ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಿಗೆ ಹೋಗುವವರ ಬಾಯಲ್ಲಿ ಶಿಫ್ಟು, ಓಟಿ, ಗೇಟ್‌ಪಾಸು. ಇವರೇ ಇಂಗ್ಲಿಷ್ ತರಗತಿಗೆ ಬಂದು, "ನನಗೆ ಏನೂ ಬರಲ್ಲ ಸಾರ್" ಎನ್ನುತ್ತಾರೆ. ನಾವೂ ಅದನ್ನು ನಂಬಿ ಎಬಿಸಿಡಿಯಿಂದ ಶುರು ಮಾಡುತ್ತೇವೆ. ನಾನು ಹೇಳಬೇಕಾದದ್ದು ಇಷ್ಟೇ: ದೊಡ್ಡವರ ಇಂಗ್ಲಿಷ್ ಪಾಠ ಅವರ ಕಸುಬಿನಿಂದ, ಅವರ ಕನ್ನಡದಿಂದ ಹೊರಡಬೇಕು.

ಇದಕ್ಕೆ ಹತ್ತಿರದಲ್ಲೇ ಒಂದು ದಾರಿ ಇದೆ. 1979ರಿಂದ 1984ರವರೆಗೆ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಒಂದು ಪ್ರಯೋಗ ನಡೆಸಿದರು. ಜಗತ್ತಿನ ಭಾಷಾ ಶಿಕ್ಷಕರು ಅದನ್ನು ಇಂದಿಗೂ ಬೆಂಗಳೂರಿನ ಹೆಸರಿನಿಂದಲೇ ಕರೆಯುತ್ತಾರೆ. ವ್ಯಾಕರಣದ ಪಟ್ಟಿ ಬಿಟ್ಟು, ಮಕ್ಕಳ ಮುಂದೆ ವೇಳಾಪಟ್ಟಿ ಓದುವಂಥ, ಬಿಡಿಸಬೇಕಾದ ಕೆಲಸ ಇಟ್ಟರು. ಮೊದಲೊಂದನ್ನು ಮೇಷ್ಟ್ರೂ ತರಗತಿಯೂ ಸೇರಿ ಬಿಡಿಸುವುದು. ಅಂಥದ್ದೇ ಇನ್ನೊಂದನ್ನು ಮಗು ತಾನೇ ಬಿಡಿಸುವುದು. ಮನಸ್ಸು ಅರ್ಥದ ಬೆನ್ನುಹತ್ತಿದಾಗ ಭಾಷೆಯ ರೂಪ ತಾನಾಗಿ ಒಳಗಿಳಿಯುತ್ತದೆ ಎಂಬುದು ಅವರ ನಂಬಿಕೆ.

ಮಕ್ಕಳಿಗೆ ಒದಗಿದ್ದು ದುಡಿಯುವವರಿಗೆ ಇನ್ನೂ ಚೆನ್ನಾಗಿ ಒದಗುತ್ತದೆ, ಏಕೆಂದರೆ ಅವರ ಕೆಲಸ ನಿಜವಾದದ್ದು. ರಾಮನಗರ, ಚನ್ನಪಟ್ಟಣದವರಿಗೆ ಮೈಸೂರು ಮಾರ್ಗದ ರೈಲಿನ ವೇಳಾಪಟ್ಟಿ ಕೊಡಿ. ಕನಕಪುರ, ಮಾಗಡಿಯವರಿಗೆ ರೈಲಿಲ್ಲ, ಅವರಿಗೆ ಬ್ಯಾಂಕಿನ ಚಲನ್ ಕೊಡಿ. ಗೊಂಬೆ ಮಾಡುವವರಿಗೆ ಹೊರದೇಶದ ಆರ್ಡರಿನ ಹಾಳೆ, ಕಾರ್ಖಾನೆಯವರಿಗೆ ಯಂತ್ರದ ಪಕ್ಕದ ಎಚ್ಚರಿಕೆಯ ಫಲಕ. ಆ ಫಲಕ ಓದಲಾಗದಿದ್ದರೆ ಹೋಗುವುದು ಅಂಕವಲ್ಲ, ಬೆರಳು.

ಇನ್ನು ಕನ್ನಡದ ಮಾತು. ತರಗತಿಯಲ್ಲಿ ಕನ್ನಡ ಆಡಬಾರದೆಂಬ ಕಟ್ಟಪ್ಪಣೆ ಕಲಿಯುವವರ ಕೈಯಿಂದ ಊರುಗೋಲು ಕಿತ್ತಂತೆ. "ಮಾರುಕಟ್ಟೆಯಲ್ಲಿ" ಎನ್ನುವಾಗ "ಅಲ್ಲಿ" ಪದದ ಹಿಂದೆ ಅಂಟುತ್ತದೆ. "ಇನ್ ದ ಮಾರ್ಕೆಟ್" ಎನ್ನುವಾಗ ಅದೇ ಕೆಲಸದ "ಇನ್" ಮುಂದೆ ನಿಲ್ಲುತ್ತದೆ. "ನನಗೆ ಜ್ವರ ಇದೆ" ಎನ್ನುವವರು "ಟು ಮಿ ಫೀವರ್" ಎಂದರೆ ಅದು ದಡ್ಡತನವಲ್ಲ, ಕನ್ನಡದ ಚತುರ್ಥಿ ವಿಭಕ್ತಿ ಹಾಗೆ ಹೇಳಿಸುತ್ತದೆ. ಇಂಗ್ಲಿಷಿನಲ್ಲಿ "ನನಗೆ" ಹೋಗಿ "ಐ" ಬರುತ್ತದೆ, "ಐ ಹ್ಯಾವ್ ಎ ಫೀವರ್" ಎಂದು ಎದುರುಬದುರು ಬರೆದು ತೋರಿಸಿದರೆ ಸಾಕು. ರಜೆ ಕೇಳುವ ಚೀಟಿಯ ಮೊದಲ ಸಾಲು ಅಲ್ಲೇ ಸಿದ್ಧ.

ಕನ್ನಡ ಮಾಧ್ಯಮದಲ್ಲಿ ಓದಿ ಡಿಪ್ಲೊಮಾ, ನರ್ಸಿಂಗ್ ಸೇರುವವರ ಕಷ್ಟ ಬೇರೆ. ವಿಷಯ ಗೊತ್ತು, ಪ್ರಶ್ನೆ ಗೊತ್ತಾಗುವುದಿಲ್ಲ. "ಡಿಫೈನ್" ಎಂದರೆ ವ್ಯಾಖ್ಯಾನಿಸಿ, "ಎಕ್ಸ್‌ಪ್ಲೇನ್" ಎಂದರೆ ವಿವರಿಸಿ, "ಕಂಪೇರ್" ಎಂದರೆ ಹೋಲಿಸಿ. ಇಂಥ ಹತ್ತಿಪ್ಪತ್ತು ಮಾತು ಮೊದಲ ವಾರವೇ ಕೈಗೆ ಬರಲಿ.

ಪಾಠದ ಹೊತ್ತೂ ದುಡಿಮೆಗೆ ಹೊಂದಬೇಕು. ಶಿಫ್ಟು ಬದಲಾದವರು ಪಾಠ ತಪ್ಪಿಸಿಕೊಳ್ಳುತ್ತಾರೆ. ಬೆಳಗಿನ ಪಾಠವನ್ನೇ ಸಂಜೆ ಇನ್ನೊಮ್ಮೆ ಮಾಡಿದರೆ ಅವರು ಉಳಿಯುತ್ತಾರೆ. ತಿದ್ದುವುದರಲ್ಲೂ ಎಚ್ಚರ ಬೇಕು: ವಯಸ್ಸಾದವರನ್ನು ಎಲ್ಲರೆದುರು ತಿದ್ದಿದರೆ ಮಾರನೆಯ ದಿನ ಅವರ ಜಾಗ ಖಾಲಿ.

ಆದ್ದರಿಂದ ಪಾಠ ಹೇಳುವವರಲ್ಲಿ ನನ್ನ ಬೇಡಿಕೆ ಒಂದೇ. ಮೊದಲ ದಿನ ಕಪ್ಪುಹಲಗೆಯ ಮೇಲೆ ನೀವೇನೂ ಬರೆಯದೆ ಕಾಯಿರಿ. ಬಂದವರೇ ತಮ್ಮ ಕೆಲಸದ ಮಾತುಗಳನ್ನು ಒಂದೊಂದಾಗಿ ಹೇಳಲಿ, ನೀವು ಬರೆದುಕೊಳ್ಳುತ್ತಾ ಹೋಗಿ. ಹಲಗೆ ತುಂಬಿದ ಮೇಲೆ, "ಇದೆಲ್ಲ ನಿಮ್ಮದೇ ಇಂಗ್ಲಿಷ್" ಎಂದು ತೋರಿಸಿ. ಪಾಠ ಅಲ್ಲಿಂದ ಶುರುವಾಗಲಿ.