ಪದವಿನ ಮೇಲೆ ಮೊಣಕಾಲೂರಿ



ಏಪ್ರಿಲ್ ತಿಂಗಳಲ್ಲಿ ನಮ್ಮ ಕರಾವಳಿಯ ಪದವುಗಳ ಮೇಲೆ ಬರಿಗಾಲಲ್ಲಿ ನಡೆದವರಿಗೆ, ಅಲ್ಲಿ ಏನಾದರೂ ಹೂ ಬಿಟ್ಟೀತು ಎಂದರೆ ನಗು ಬಂದೀತು. ಕಾದ ಮುರಕಲ್ಲಿನ ಹಾಸು, ಬಿರುಕುಗಳಲ್ಲಿ ಒಣಹುಲ್ಲು, ಅಂಚಿಗೆ ನಾಲ್ಕು ಕೇಪುಳದ ಪೊದೆ. ಕಂದಾಯದ ಕಡತಗಳಲ್ಲಿ ಇಂಥ ನೆಲಕ್ಕೆ ಖರಾಬು ಎಂದೇ ಹೆಸರು. ನಾವೂ ಹಾಗೆಯೇ ನಂಬಿ ಬೆಳೆದೆವು. ಪದವು ಅಂದರೆ ಕ್ರಿಕೆಟ್ ಆಡುವ ಜಾಗ, ದನ ಬಿಡುವ ಜಾಗ. ದೊಡ್ಡವರಿಗೆ ಏನಾದರೂ ಕಟ್ಟಬೇಕಾದಾಗ ನೆನಪಾಗುವ ಜಾಗ. ಬಜ್ಪೆಯ ವಿಮಾನ ನಿಲ್ದಾಣ, ಕೊಣಾಜೆಯ ವಿಶ್ವವಿದ್ಯಾಲಯ, ಮಣಿಪಾಲ ಎಲ್ಲವೂ ಎದ್ದದ್ದು ಇಂಥ ಗುಡ್ಡಗಳ ನೆತ್ತಿಯ ಮೇಲೆಯೇ. ಇರಲಿ, ಅದರ ಬಗ್ಗೆ ತಕರಾರು ಹೇಳಲು ನಾನು ಇಲ್ಲಿ ಕುಳಿತಿಲ್ಲ.

ಆಟಿಯ ಮಳೆ ಹಿಂದೆ ಸರಿದು ಸೋಣ ತಿಂಗಳ ಬಿಸಿಲು ಇಣುಕುವಾಗ ಅದೇ ಕಲ್ಲಿನ ಮೇಲೆ ಹೋಗಿ ನಿಲ್ಲಿ. ತಗ್ಗುಗಳಲ್ಲಿ ಬೆರಳು ಮುಳುಗುವಷ್ಟು ನೀರು. ನೀರಿನ ಸುತ್ತ ನೇರಳೆ ಬಣ್ಣದ ಛಾಯೆ, ನಡುವೆ ಬಿಳಿ ಚುಕ್ಕಿಗಳು, ಒಂದೊಂದು ಕಡೆ ಕೆಂಪು. ನಿಂತು ನೋಡಿದರೆ ಕಾಣುವುದು ಇಷ್ಟೇ. ಅದಕ್ಕೇ ಇಷ್ಟು ವರ್ಷ ನಮಗೆ ಏನೂ ಕಾಣಲಿಲ್ಲ. ಕ್ಯಾಮೆರಾ ಹಿಡಿದವನು ಮಾತ್ರ ನಿಂತುಕೊಂಡು ಕೆಲಸ ಮಾಡಲಾರ. ಗೇಣುದ್ದದ ಗಿಡದ ಚಿತ್ರ ಬೇಕಾದರೆ ಮಳೆಕೋಟು ಹಾಸಿ, ಒದ್ದೆ ಕಲ್ಲಿನ ಮೇಲೆ ಹೊಟ್ಟೆ ಕೆಳಗೆ ಮಾಡಿ ಮಲಗಬೇಕು. ನಾನು ಹಾಗೆ ಮಲಗಿದ್ದಾಗ ದನ ಅಟ್ಟಿಕೊಂಡು ಬಂದ ಹಿರಿಯ ಹೆಂಗಸೊಬ್ಬರು ಕೇಳಿದರು, “ಎಂತ ಹುಡುಕುದು ಮಾರಾಯ್ರೇ, ಕೀ ಬಿದ್ದದ್ದಾ?” ಹೂವು ತೋರಿಸಿದೆ. “ಇದಾ! ಇದನ್ನು ನಮ್ಮ ದನ ಕೂಡ ಮೂಸುದಿಲ್ಲ” ಎಂದು ನಕ್ಕು ಹೋದರು.

ದನ ಮೂಸದ ಆ ಕೆಂಪು ಗಿಡದ ಹೆಸರು ಡ್ರೊಸೆರಾ ಇಂಡಿಕಾ. ಎಲೆ ದಾರದಷ್ಟು ಸಪೂರ. ಅದರ ತುಂಬ ಸೂಜಿಮೊನೆಯಂಥ ರೋಮ, ಪ್ರತಿ ರೋಮದ ತುದಿಗೂ ಒಂದು ಹನಿ ಅಂಟು. ಬೆಳಗಿನ ಬಿಸಿಲನ್ನು ಗಿಡದ ಹಿಂದಕ್ಕೆ ಇಟ್ಟುಕೊಂಡು ನೋಡಿದರೆ ಒಂದೊಂದು ಹನಿಯೂ ಉರಿಯುವ ಹಾಗೆ ಹೊಳೆಯುತ್ತದೆ. ಹನಿಯ ಆಸೆಗೆ ಬಂದ ನುಸಿ ಅಲ್ಲಿಯೇ ಅಂಟಿಕೊಳ್ಳುತ್ತದೆ, ಗಿಡ ಅದನ್ನು ಅರಗಿಸಿಕೊಳ್ಳುತ್ತದೆ. ಈ ಕುಲದ ಇನ್ನೊಂದು ಗಿಡವನ್ನು ವರ್ಷಗಟ್ಟಲೆ ಗಮನಿಸಿದ ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಕೀಟಾಹಾರಿ ಸಸ್ಯಗಳ ಬಗ್ಗೆ ಒಂದು ಇಡೀ ಪುಸ್ತಕವನ್ನೇ ಬರೆದ. ನಮ್ಮದು ಊರಿನ ಪದವಿನಲ್ಲಿಯೇ ಇತ್ತು, ನಾವು ಅದರ ಮೇಲೆ ಚೆಂಡು ಹೆಕ್ಕಲು ಓಡುತ್ತಿದ್ದೆವು.

ನೇರಳೆ ಛಾಯೆಯದ್ದು ಇನ್ನೂ ಚತುರ ಜಾತಿ, ಯುಟ್ರಿಕ್ಯುಲೇರಿಯಾ. ಮೇಲೆ ನಾಜೂಕಾದ ಹೂವು, ಕೆಳಗೆ ಕೆಸರಿನಲ್ಲಿ ಸಾಸಿವೆಗಿಂತ ಸಣ್ಣ ಚೀಲಗಳು. ಗಿಡ ಚೀಲದೊಳಗಿನ ನೀರನ್ನು ಹೊರಗೆ ಹಾಕಿ ಅದನ್ನು ಬಿಗಿಹಿಡಿದು ಕಾಯುತ್ತದೆ. ಬಾಗಿಲ ಬಳಿಯ ಕೂದಲಿಗೆ ಸೂಕ್ಷ್ಮಜೀವಿ ತಾಗಿದರೆ ಸಾಕು, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ ನೀರಿನ ಜೊತೆ ಅದನ್ನೂ ಒಳಗೆಳೆದುಕೊಳ್ಳುತ್ತದೆ. ಬಿಳಿ ಚುಕ್ಕಿಗಳು ಎರಿಯೊಕಾಲಾನ್, ಅವು ಯಾರ ತಂಟೆಗೂ ಹೋಗುವುದಿಲ್ಲ.

ಉಳಿದೆರಡಕ್ಕೆ ಹುಳುವಿನ ಹಂಗು ಯಾಕೆ? ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಕಲ್ಲಿನ ಮೇಲೆ ಉಳಿದಿರುವುದೇ ಒಂದಿಷ್ಟು ಮಣ್ಣು, ಅದರ ಸಾರವನ್ನೂ ಮಳೆ ತೊಳೆದುಕೊಂಡು ಹೋಗುತ್ತದೆ. ಮಣ್ಣು ಕೊಡದ ಸಾರಜನಕವನ್ನು ಗಿಡ ಹುಳುವಿನಿಂದ ವಸೂಲಿ ಮಾಡುತ್ತದೆ. ನೆಲ ಬಡವಾದದ್ದರಿಂದಲೇ ಈ ಗಿಡಗಳು ಇಲ್ಲಿವೆ. ‘ಸುಧಾರಿಸೋಣ’ ಎಂದು ಅಲ್ಲಿಗೆ ಗೊಬ್ಬರದ ಮಣ್ಣು ತಂದು ಸುರಿದರೆ ಹುಲ್ಲು ಎದ್ದು ಇವನ್ನು ಮುಚ್ಚಿಹಾಕುತ್ತದೆ.

ಚಿತ್ರದ ವಿಷಯಕ್ಕೆ ಬರೋಣ. ಮೊಬೈಲ್ ಇದ್ದರೂ ಸಾಕು, ಸಿಕ್ಕಿಸುವ ಒಂದು ಮ್ಯಾಕ್ರೋ ಲೆನ್ಸ್ ಇದ್ದರೆ ಇನ್ನೂ ಒಳ್ಳೆಯದು. ಗಾಳಿಗೆ ಅಡ್ಡ ಕೊಡೆ ಇರಲಿ. ಎಲ್ಲರೂ ಹೂವಿನ ಮುಖ ತೆಗೆಯುತ್ತಾರೆ, ಮೆಚ್ಚುಗೆ ಸಿಗುವುದೂ ಅದಕ್ಕೇ. ಆದರೆ ಗಿಡ ಯಾವುದು ಎಂದು ಸಸ್ಯಶಾಸ್ತ್ರಜ್ಞರನ್ನು ಕೇಳಿ ನೋಡಿ: ಎಲೆ ತೋರಿಸಿ, ಹೂವಿನ ಬೆನ್ನು ತೋರಿಸಿ, ಕಾಯಿ ಇದೆಯೇ, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ ಇಟ್ಟಿದ್ದೀರಾ ಎನ್ನುತ್ತಾರೆ. ನೋಡಲು ಚೆಂದವಿಲ್ಲದ ಆ ನಾಲ್ಕು ಚಿತ್ರಗಳೇ ನನ್ನ ಮಟ್ಟಿಗೆ ಹೆಚ್ಚು ಬೆಲೆಯವು. ಯುಟ್ರಿಕ್ಯುಲೇರಿಯಾದಂಥ ಹೂವನ್ನು ಕಾಗದದ ನಡುವೆ ಒತ್ತಿಟ್ಟರೆ ಬಣ್ಣವೂ ಹೋಗುತ್ತದೆ, ಆಕಾರವೂ ಕೆಡುತ್ತದೆ. ಚಿತ್ರದಲ್ಲಿ ಎರಡೂ ಉಳಿಯುತ್ತವೆ, ಗಿಡವೂ ಕಲ್ಲಿನ ಮೇಲೆಯೇ ಉಳಿಯುತ್ತದೆ.

ಹಾಗೆಂದು ಒತ್ತಿಟ್ಟ ಹಾಳೆಯನ್ನು ಹಗುರವಾಗಿ ಕಾಣುವಂತಿಲ್ಲ. 1919ರಲ್ಲಿ ಜೋಗದ ಬಳಿ ಸಂಗ್ರಹಿಸಿದ ಹಬ್ಬಾರ್ಡಿಯಾ ಎಂಬ ಪುಟ್ಟ ಹುಲ್ಲು ಆಮೇಲೆ ಯಾರ ಕಣ್ಣಿಗೂ ಬೀಳದೆ, ಅಳಿದೇ ಹೋಯಿತು ಎಂದುಕೊಂಡಿದ್ದರು. ಎಂಟು ದಶಕಗಳ ಬಳಿಕ ಅದು ಮತ್ತೆ ಸಿಕ್ಕಿದ್ದು ಮಹಾರಾಷ್ಟ್ರದ ತಿಲಾರಿಯ ಕಡೆ. ಸಿಕ್ಕಿದ್ದು ಅದೇ ಎಂದು ಗುರುತಿಸಲು ಹಳೆಯ ದಾಖಲೆ ಬೇಕಾಯಿತು. ಅಂಥ ದಾಖಲೆ ಮಾಡುವುದು ಈಗ ಪದವಿನ ಪಕ್ಕದ ಶಾಲೆಯ ಮಕ್ಕಳಿಗೂ ಸಾಧ್ಯ. ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ತಾಣಗಳಿಗೆ ಚಿತ್ರ ಹಾಕಿದರೆ ಗುರುತು ಹೇಳುವವರು ಸಿಗುತ್ತಾರೆ. ಅಪರೂಪದ ಆರ್ಕಿಡ್ ಸಿಕ್ಕರೆ ಮಾತ್ರ ಜಾಗದ ಗುರುತನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ನಿಮ್ಮ ಹಿಂದೆಯೇ ಗುದ್ದಲಿ ಹಿಡಿದವರೂ ಬಂದಾರು.

ಸೋಣ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಹೊಸ್ತಿಲು ಪೂಜೆಗೆ ಹಿತ್ತಿಲ, ಗದ್ದೆಬದಿಯ ಹೂ ಕೊಯ್ದು ತರುವ ರೂಢಿಯಿದೆ. ಆ ದಿನಗಳಲ್ಲೇ ಒಂದು ಬೆಳಿಗ್ಗೆ, ಮಳೆ ಬಿಟ್ಟಿರುವಾಗ ಪದವಿಗೂ ಹೋಗಿ ಬನ್ನಿ. ಡ್ರೊಸೆರಾದ ಗುಲಾಬಿ ಹೂ ಬಿಸಿಲಿಗೆ ಅರಳಿ ಅದೇ ದಿನ ಮುದುಡುತ್ತದೆ, ಆದ್ದರಿಂದ ಕಾಫಿ ಕುಡಿದ ಮೇಲೆ ಹೆಚ್ಚು ತಡ ಮಾಡಬೇಡಿ. ಹೆಜ್ಜೆಯನ್ನು ನೀರಿನ ತಗ್ಗಿನಲ್ಲಿ ಇಡದೆ ಬರಿಕಲ್ಲಿನ ಮೇಲೆಯೇ ಇಡಿ.